‘ಇದು ಕೂಡೋದಾ, ಕಳೆಯೋದಾ?’: ಮಕ್ಕಳಿಗೆ ಹೇಳಿಕೆ ಲೆಕ್ಕ ಹೇಳಿಕೊಡುವ ಬಗೆ

ಎರಡನೇ ಕ್ಲಾಸಿನ ಮಗುವಿಗೆ 13 − 5 ಅಂತ ಬರೆದುಕೊಡಿ. ಬೆರಳು ಮಡಚಿಯೋ, ಗೆರೆ ಎಳೆದು ಹೊಡೆದು ಹಾಕಿಯೋ 8 ಅಂತ ಬರೆಯುತ್ತದೆ. ಅದನ್ನೇ ‘ಬುಟ್ಟಿಯಲ್ಲಿ 5 ಮಾವಿನಕಾಯಿ ಇವೆ. 13 ಆಗಬೇಕಾದರೆ ಇನ್ನು ಎಷ್ಟು ಬೇಕು?’ ಅಂತ ಕೊಟ್ಟು ನೋಡಿ. ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬರುತ್ತದೆ. ‘ಅಮ್ಮಾ, ಇದು ಕೂಡೋದಾ, ಕಳೆಯೋದಾ?’

ಒಲೆ ಮೇಲೆ ಸಾರು ಕುದಿಯುತ್ತಿರುತ್ತದೆ. ‘ಕಳೆಯೋದು ಕಣೋ’ ಅಂತ ಹೇಳಿ ಕಳಿಸುತ್ತೇವೆ. ಮಗು 8 ಅಂತ ಬರೆಯುತ್ತದೆ, ಹೋಮ್‌ವರ್ಕ್ ಮುಗಿಯುತ್ತದೆ. ಆದರೆ ಆ ಲೆಕ್ಕದಲ್ಲಿ ಕಲಿಯಬೇಕಾಗಿದ್ದ ಭಾಗವನ್ನು ನಾವೇ ಮಾಡಿ ಮುಗಿಸಿದ್ದೇವೆ. ಮಗುವಿಗೆ ಉಳಿದಿದ್ದು ಮೊದಲೇ ಗೊತ್ತಿದ್ದ 13 − 5 ಮಾತ್ರ.

ಈ ವಿಷಯಕ್ಕೆ ಈಗ ಜಾಸ್ತಿ ಮಹತ್ವ ಬಂದಿರುವುದಕ್ಕೆ ಕಾರಣವಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಪ್ರಕಾರ, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥ ಮಾಡಿಕೊಂಡು ಓದಲು ಮತ್ತು ಮೂಲ ಲೆಕ್ಕ ಮಾಡಲು ಬರಬೇಕು. ಓದು ಮತ್ತು ಲೆಕ್ಕ ಎರಡೂ ಒಂದೇ ಕಡೆ ಸೇರುವ ಜಾಗ ಹೇಳಿಕೆ ಲೆಕ್ಕ. ಮಕ್ಕಳು ಎಡವುವುದೂ ಅಲ್ಲೇ.

ಒಂದು ಲೆಕ್ಕದೊಳಗೆ ಮೂರು ಕೆಲಸ

ಅಂಕಿಗಳನ್ನು ಬರಿದಾಗಿ ಕೊಡದೆ, ಒಂದು ಸನ್ನಿವೇಶವನ್ನು ವಾಕ್ಯಗಳಲ್ಲಿ ಹೇಳಿ ಕೊನೆಗೆ ಪ್ರಶ್ನೆ ಕೇಳಿದರೆ ಅದು ಹೇಳಿಕೆ ಲೆಕ್ಕ. ಕೆಲವು ಕಡೆ ವಾಕ್ಯ ಲೆಕ್ಕ, ಹೇಳಿಕೆ ಸಮಸ್ಯೆ ಅಂತಲೂ ಹೇಳುತ್ತಾರೆ.

13 − 5ರಲ್ಲಿ ಮಗು ಮಾಡಬೇಕಾದ್ದು ಒಂದೇ ಕೆಲಸ, ಕಳೆಯುವುದು. ಮಾವಿನಕಾಯಿ ಲೆಕ್ಕದಲ್ಲಿ ಮೂರು ಕೆಲಸ ಇವೆ. ಮೊದಲು ಏನಾಗುತ್ತಿದೆ ಅಂತ ಅರ್ಥವಾಗಬೇಕು. ಆಮೇಲೆ ಗೊತ್ತಿರುವುದು ಯಾವುದು, ಗೊತ್ತಿಲ್ಲದ್ದು ಯಾವುದು ಅಂತ ತಿಳಿಯಬೇಕು. ಕೊನೆಗೆ ಲೆಕ್ಕ ಮಾಡಬೇಕು. ಕೂಡುವ, ಕಳೆಯುವ ಅಭ್ಯಾಸವನ್ನು ಪುಟಗಟ್ಟಲೆ ಮಾಡಿಸಿದರೂ ಗಟ್ಟಿಯಾಗುವುದು ಮೂರನೆಯದು ಮಾತ್ರ. ‘ನಮ್ಮ ಮಗು ಲೆಕ್ಕ ಚೆನ್ನಾಗಿ ಮಾಡುತ್ತೆ, ಆದ್ರೆ ಹೇಳಿಕೆ ಲೆಕ್ಕ ಬಂದ್ರೆ ತಪ್ಪು ಮಾಡುತ್ತೆ’ ಅನ್ನುವ ಮಾತು ಅದಕ್ಕೇ ಮನೆಮನೆಯಲ್ಲೂ ಕೇಳಿಬರುತ್ತದೆ.

ಗೋಲಿ ಅವೇ, ಕಥೆ ಬೇರೆ

ದೊಡ್ಡವರಿಗೆ 8 − 5 ಅಂದರೆ 8 − 5, ಅಷ್ಟೇ. ಮಗುವಿಗೆ ಹಾಗಲ್ಲ. ಕೆಳಗಿನ ನಾಲ್ಕನ್ನೂ ನಿಧಾನವಾಗಿ ಓದಿ.

ಗೌರಿ ಹತ್ತಿರ 8 ಗೋಲಿ ಇದ್ದವು. 5 ಗೋಲಿ ತಮ್ಮನಿಗೆ ಕೊಟ್ಟಳು. ಈಗ ಅವಳ ಹತ್ತಿರ ಎಷ್ಟಿವೆ?

ಗೌರಿ ಹತ್ತಿರ 5 ಗೋಲಿ ಇದ್ದವು. ಅಜ್ಜ ಇನ್ನೂ ಕೆಲವು ಕೊಟ್ಟರು. ಈಗ 8 ಇವೆ. ಅಜ್ಜ ಎಷ್ಟು ಕೊಟ್ಟರು?

ಗೌರಿ ಹತ್ತಿರ 8 ಗೋಲಿ ಇವೆ. ಅವುಗಳಲ್ಲಿ 5 ಕೆಂಪು, ಮಿಕ್ಕವು ನೀಲಿ. ನೀಲಿ ಗೋಲಿ ಎಷ್ಟು?

ಗೌರಿ ಹತ್ತಿರ 8 ಗೋಲಿ ಇವೆ, ಬಸು ಹತ್ತಿರ 5 ಇವೆ. ಗೌರಿ ಹತ್ತಿರ ಎಷ್ಟು ಜಾಸ್ತಿ ಇವೆ?

ನಾಲ್ಕಕ್ಕೂ ಉತ್ತರ 3. ಆದರೆ ಮೊದಲನೆಯದರಲ್ಲಿ ಮಾತ್ರ ಗೋಲಿ ನಿಜವಾಗಿ ಕೈಬಿಟ್ಟು ಹೋಗುತ್ತವೆ. ಎರಡನೆಯದರಲ್ಲಿ ಗೋಲಿ ಬರುತ್ತಿವೆ! ಬರುತ್ತಿರುವಾಗ ಕಳೆ ಅಂದರೆ ಮಗು ಕಣ್ಣು ಕಣ್ಣು ಬಿಡುವುದು ಸಹಜ. ಮೂರನೆಯದರಲ್ಲಿ ಏನೂ ನಡೆಯುವುದೇ ಇಲ್ಲ. ಗೋಲಿ ಇದ್ದಲ್ಲೇ ಇವೆ, ನಾವು ಬಣ್ಣ ನೋಡಿ ಬೇರೆ ಮಾಡುತ್ತಿದ್ದೇವೆ. ನಾಲ್ಕನೆಯದರಲ್ಲಿ ಇಬ್ಬರ ಗೋಲಿಗಳಿವೆ. ಕೇಳುತ್ತಿರುವ ಆ 3 ಗೋಲಿ ಪ್ರತ್ಯೇಕವಾಗಿ ಎಲ್ಲೂ ಇಲ್ಲ.

1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮಾ ಮತ್ತು ಅವರ ಜೊತೆಗಾರರು ಇದನ್ನೇ ಕೂಲಂಕಷವಾಗಿ ನೋಡಿದರು. ಕೂಡುವ, ಕಳೆಯುವ ಹೇಳಿಕೆ ಲೆಕ್ಕಗಳನ್ನು ಅವರು ನಾಲ್ಕು ಗುಂಪು ಮಾಡಿದರು: ಬಂದು ಸೇರುವ ಕಥೆ, ಬಿಟ್ಟು ಹೋಗುವ ಕಥೆ, ಭಾಗ ಮತ್ತು ಒಟ್ಟಿನ ಕಥೆ, ಹೋಲಿಸುವ ಕಥೆ. ಪ್ರತಿ ಕಥೆಯಲ್ಲೂ ಯಾವ ಸಂಖ್ಯೆ ಗೊತ್ತಿಲ್ಲ ಅನ್ನುವುದನ್ನು ಸೇರಿಸಿಕೊಂಡರೆ ಒಟ್ಟು 11 ಬಗೆ ಆಗುತ್ತವೆ. ಹನ್ನೊಂದನ್ನೂ ಬಾಯಿಪಾಠ ಮಾಡುವ ಅಗತ್ಯ ಯಾರಿಗೂ ಇಲ್ಲ, ಮಕ್ಕಳಿಗಂತೂ ಇಲ್ಲವೇ ಇಲ್ಲ. ಮಗುವಿಗೆ ನಾವು ಕೊಡುತ್ತಿರುವುದು ಬರೀ ಒಂದೆರಡು ಬಗೆಯ ಲೆಕ್ಕಾನಾ ಅಂತ ಪರೀಕ್ಷಿಸಿಕೊಳ್ಳಲು ದೊಡ್ಡವರಿಗೆ ಈ ಪಟ್ಟಿ ಬೇಕು.

ಈ ಹನ್ನೊಂದರಲ್ಲಿ ಪುಟ್ಟ ಮಕ್ಕಳಿಗೆ ತುಂಬಾ ಕಷ್ಟವಾಗುವುದು ಶುರುವಿನ ಸಂಖ್ಯೆಯೇ ಗೊತ್ತಿಲ್ಲದ ಕಥೆ. ‘ಗೌರಿ ಹತ್ತಿರ ಒಂದಷ್ಟು ಗೋಲಿ ಇದ್ದವು. 5 ಕೊಟ್ಟಳು. 3 ಉಳಿದವು. ಮೊದಲು ಎಷ್ಟಿದ್ದವು?’ ಕಥೆ ಹೇಳಿದ ಹಾಗೆಯೇ ಗೋಲಿ ಜೋಡಿಸುತ್ತಾ ಹೋಗೋಣ ಅಂದರೆ ಮೊದಲ ಸಾಲಿನಲ್ಲೇ ಸಿಕ್ಕಿಕೊಳ್ಳುತ್ತದೆ. ಎಷ್ಟು ಇಡಬೇಕು ಅಂತಲೇ ಗೊತ್ತಿಲ್ಲವಲ್ಲ.

ಹಕ್ಕಿ, ಹುಳು ಮತ್ತು ಒಂದು ಪ್ರಶ್ನೆ

ಹೋಲಿಸುವ ಕಥೆ ಯಾಕೆ ಕಷ್ಟ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಇದೆ. 1983ರಲ್ಲಿ ಟಾಮ್ ಹಡ್ಸನ್ ಅನ್ನುವ ಸಂಶೋಧಕರು ಪ್ರಕಟಿಸಿದ್ದು. ಮಕ್ಕಳಿಗೆ ಒಂದು ಚಿತ್ರ ತೋರಿಸುತ್ತಾರೆ. ಕೆಲವು ಹಕ್ಕಿಗಳಿವೆ, ಹುಳುಗಳೂ ಇವೆ, ಆದರೆ ಹುಳು ಕಡಿಮೆ. ‘ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚಿವೆ?’ ಅಂತ ಕೇಳಿದರು. ಯುಕೆಜಿ ವಯಸ್ಸಿನ ಮಕ್ಕಳಲ್ಲಿ ಸರಿಯಾಗಿ ಹೇಳಿದವರು ಶೇಕಡಾ 25. ಒಂದನೇ ತರಗತಿಯವರಲ್ಲಿ ಶೇಕಡಾ 64.

ಅದೇ ಚಿತ್ರ ಇಟ್ಟುಕೊಂಡು ಪ್ರಶ್ನೆ ಬದಲಿಸಿದರು. ‘ಹಕ್ಕಿಗಳೆಲ್ಲ ಹಾರಿ ಬಂದು ಒಂದೊಂದು ಹುಳು ಹಿಡಿಯೋಕೆ ನೋಡ್ತವೆ. ಎಷ್ಟು ಹಕ್ಕಿಗೆ ಹುಳು ಸಿಗಲ್ಲ?’ ಈಗ ಯುಕೆಜಿ ವಯಸ್ಸಿನವರಲ್ಲಿ ಶೇಕಡಾ 96 ಮಕ್ಕಳು ಸರಿಯಾಗಿ ಹೇಳಿದರು. ಒಂದನೇ ತರಗತಿಯಲ್ಲಿ ಎಲ್ಲರೂ ಸರಿ.

ಹಕ್ಕಿ ಬದಲಾಗಲಿಲ್ಲ, ಹುಳು ಬದಲಾಗಲಿಲ್ಲ, ಉತ್ತರವೂ ಬದಲಾಗಲಿಲ್ಲ. ಎರಡನೇ ಪ್ರಶ್ನೆ ಕೇಳಿದ ಕೂಡಲೇ ಮಕ್ಕಳ ಮನಸ್ಸಿನಲ್ಲಿ ಹಕ್ಕಿ ಹಾರಿತು. ಒಂದಕ್ಕೊಂದು ಜೋಡಿ ಮಾಡಿದರು, ಜೋಡಿ ಸಿಗದವನ್ನು ಎಣಿಸಿದರು. ‘ಎಷ್ಟು ಹೆಚ್ಚು’ ಅಂತ ಕೇಳಿದಾಗಲೂ ಮಾಡಬೇಕಾದ್ದು ಅದನ್ನೇ. ಆದರೆ ಆ ಮಾತು ಹಾಗೆ ಮಾಡು ಅಂತ ಹೇಳುವುದಿಲ್ಲ.

ಮನೆಯಲ್ಲಿ ಇದನ್ನು ಸುಲಭವಾಗಿ ಮಾಡಬಹುದು. ‘8 ಜನ ಊಟಕ್ಕೆ ಕೂತಿದಾರೆ, 5 ತಟ್ಟೆ ಇದೆ’ ಅನ್ನಿ. ಎಷ್ಟು ಜನಕ್ಕೆ ತಟ್ಟೆ ಸಿಗಲ್ಲ ಅಂತ ಮೊದಲು ಕೇಳಿ. ಉತ್ತರ ಬಂದ ಮೇಲೆ, ‘ಅಂದ್ರೆ ತಟ್ಟೆಗಿಂತ ಜನ 3 ಜಾಸ್ತಿ’ ಅಂತ ನೀವೇ ಸೇರಿಸಿ. ಮುಂದಿನ ಸಲ ಎರಡು ಪ್ರಶ್ನೆಯನ್ನೂ ಒಟ್ಟಿಗೇ ಕೇಳಿ. ಕೆಲವು ದಿನ ಹೋದ ಮೇಲೆ ‘ಎಷ್ಟು ಜಾಸ್ತಿ’ ಅಂತ ಮಾತ್ರ ಕೇಳಿದರೂ ಮಗು ಮನಸ್ಸಲ್ಲೇ ತಟ್ಟೆ ಹಂಚುತ್ತದೆ.

ಹೇಳಿಕೊಡದಿದ್ದರೂ ಮಕ್ಕಳು ಬಿಡಿಸುತ್ತಾರೆ

ವಿಸ್ಕಾನ್ಸಿನ್ ಗುಂಪು 1993ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದೆ. ಒಂದನೇ ತರಗತಿಗೆ ಇನ್ನೂ ಹೋಗದ 70 ಮಕ್ಕಳಿಗೆ 9 ಹೇಳಿಕೆ ಲೆಕ್ಕ ಕೊಟ್ಟರು. ಗುಣಿಸುವ, ಭಾಗಿಸುವ ಕಥೆಗಳೂ ಅದರಲ್ಲಿದ್ದವು. ಅವರಲ್ಲಿ 44 ಮಕ್ಕಳು ಏಳು ಅಥವಾ ಅದಕ್ಕಿಂತ ಹೆಚ್ಚು ಲೆಕ್ಕಕ್ಕೆ ಸರಿಯುತ್ತರ ಕೊಟ್ಟರು. ಭಾಗಾಕಾರದ ವಿಧಾನವನ್ನು ಇನ್ನೂ ಕಲಿತಿರದ ಮಕ್ಕಳು! ಕಥೆಯಲ್ಲಿ ಏನು ನಡೆಯುತ್ತದೋ ಅದನ್ನೇ ಎದುರಿಗಿದ್ದ ವಸ್ತುಗಳಲ್ಲಿ ಮಾಡಿ ತೋರಿಸುತ್ತಾ, ಎಣಿಸಿ ಹೇಳಿದರು.

ಸಾಮಾನ್ಯವಾಗಿ ಮಕ್ಕಳು ಮೂರು ಹಂತದಲ್ಲಿ ಬೆಳೆಯುತ್ತಾರೆ. ಮೊದಲ ಹಂತದಲ್ಲಿ ಎಲ್ಲವನ್ನೂ ಕೈಯಲ್ಲಿ ಮಾಡಿ ನೋಡುತ್ತಾರೆ. ಹುಣಸೆ ಬೀಜ ಕೊಟ್ಟರೆ 8 ಎಣಿಸಿ ಇಡುತ್ತಾರೆ, 5 ಆಚೆ ಸರಿಸುತ್ತಾರೆ, ಉಳಿದದ್ದನ್ನು ಮತ್ತೆ ಒಂದರಿಂದ ಎಣಿಸುತ್ತಾರೆ. ಎರಡನೇ ಹಂತದಲ್ಲಿ ಮೊದಲ ಗುಂಪನ್ನು ಎಣಿಸುವ ಗೋಜಿಗೆ ಹೋಗುವುದಿಲ್ಲ. 5 ಇದೆ, 8 ಬೇಕು ಅಂದರೆ ‘ಆರು, ಏಳು, ಎಂಟು’ ಅಂತ ಮೂರು ಬೆರಳು ಬಿಚ್ಚುತ್ತಾರೆ. ಮೂರನೇ ಹಂತದಲ್ಲಿ ಗೊತ್ತಿರುವ ಲೆಕ್ಕದಿಂದ ಗೊತ್ತಿಲ್ಲದ್ದನ್ನು ಹೊರಡಿಸುತ್ತಾರೆ. ‘6ಕ್ಕೆ 6 ಹನ್ನೆರಡು, ಹಾಗಾದ್ರೆ 6ಕ್ಕೆ 7 ಹದಿಮೂರು’ ಅನ್ನುವ ಹಾಗೆ.

ಬೆರಳು ಮಡಚುವುದನ್ನು ನೋಡಿ ‘ಇನ್ನೂ ಬೆರಳಲ್ಲಿ ಎಣಿಸ್ತೀಯಾ?’ ಅಂತ ಗದರುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬೆರಳಲ್ಲಿ ಎಣಿಸುವುದನ್ನು ಬಿಡಿಸಿದ ಮಾತ್ರಕ್ಕೆ ಮಗು ಮೂರನೇ ಹಂತಕ್ಕೆ ಹಾರುವುದಿಲ್ಲ. ಬೆರಳನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು ಎಣಿಸುತ್ತದೆ, ಅಷ್ಟೇ. ನಮ್ಮ ನಲಿ-ಕಲಿ ತರಗತಿಗಳಲ್ಲಿ ಕಡ್ಡಿ, ಕಲ್ಲು, ಬೀಜ ಇಟ್ಟು ಲೆಕ್ಕ ಮಾಡಿಸುವುದು ಸುಮ್ನೆ ಆಟಕ್ಕಲ್ಲ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಅಜ್ಜ ಗೋಲಿ ಕೊಟ್ಟ ಕಥೆಯನ್ನು ಮಗು ‘ಆರು, ಏಳು, ಎಂಟು’ ಅಂತ ಮುಂದಕ್ಕೆ ಎಣಿಸಿ ಬಿಡಿಸಿದರೆ ಅದು ಪೂರ್ತಿ ಸರಿ. ‘5 + ▢ = 8’ ಅಂತ ಬರೆದರೂ ಸರಿ. ‘ಇದು ಕಳೆಯುವ ಲೆಕ್ಕ, 8 − 5 ಅಂತಲೇ ಬರಿ’ ಅಂತ ಮೊದಲ ದಿನವೇ ಹಟ ಹಿಡಿದರೆ, ಅರ್ಥವಾಗಿದ್ದ ಕಥೆಯೂ ಗೊಂದಲವಾಗುತ್ತದೆ. ಎರಡೂ ಒಂದೇ ಉತ್ತರ ಕೊಡುತ್ತವೆ ಅಂತ ತಿಳಿಯುವುದಕ್ಕೆ ಸ್ವಲ್ಪ ಕಾಲ ಬೇಕು. ಕಿರಾಣಿ ಅಂಗಡಿಯವರು ಚಿಲ್ಲರೆ ಕೊಡುವುದನ್ನು ನೋಡಿ. 32 ರೂಪಾಯಿ ಸಾಮಾನಿಗೆ 50ರ ನೋಟು ಕೊಟ್ಟರೆ, ‘ಮೂವತ್ತೆರಡು, ಮೂವತ್ತೈದು, ನಲವತ್ತು, ಐವತ್ತು’ ಅಂತ 3, 5, 10 ಎಣಿಸಿ ಕೈಗಿಡುತ್ತಾರೆ. ಕಳೆಯುವ ಲೆಕ್ಕವನ್ನು ಕೂಡುತ್ತಲೇ ಮುಗಿಸಿದರು, ಅಲ್ವಾ?

‘ಒಟ್ಟು ಅಂದ್ರೆ ಕೂಡು, ಉಳಿದವು ಅಂದ್ರೆ ಕಳೆ’

ಹೇಳಿಕೆ ಲೆಕ್ಕಕ್ಕೆ ನಮ್ಮಲ್ಲಿ ಹೆಚ್ಚಾಗಿ ಹೇಳಿಕೊಡುವ ಉಪಾಯ ಇದು. ‘ಒಟ್ಟು’, ‘ಸೇರಿ’, ‘ಹೆಚ್ಚು’ ಅಂತ ಬಂದರೆ ಕೂಡು. ‘ಉಳಿದವು’, ‘ಕೊಟ್ಟನು’, ‘ಕಡಿಮೆ’ ಅಂತ ಬಂದರೆ ಕಳೆ. ಕೆಲವು ಗೈಡ್‌ಗಳಲ್ಲಿ ಇದಕ್ಕೆ ಪಟ್ಟಿಯೇ ಇರುತ್ತದೆ. ಇದು ಬೋರ್ಡ್ ಓದದೆ ಬಸ್ಸಿನ ಬಣ್ಣ ನೋಡಿ ಹತ್ತಿದ ಹಾಗೆ. ಎಷ್ಟೋ ಸಲ ಸರಿಯಾದ ಊರಿಗೇ ಹೋಗುತ್ತದೆ. ಅದಕ್ಕೇ ಈ ಉಪಾಯ ಸರಿ ಅಂತ ಅನ್ನಿಸುವುದು.

ಈಗ ಇದನ್ನು ನೋಡಿ. ‘ಗೌರಿ 5 ಗೋಲಿ ತಮ್ಮನಿಗೆ ಕೊಟ್ಟಳು. ಅವಳ ಹತ್ತಿರ 3 ಉಳಿದವು. ಮೊದಲು ಎಷ್ಟಿದ್ದವು?’ ‘ಕೊಟ್ಟಳು’ ಇದೆ, ‘ಉಳಿದವು’ ಇದೆ. ಪಟ್ಟಿಯ ಪ್ರಕಾರ ಎರಡು ಸಲ ಕಳೆಯಬೇಕು! ಮಾಡಬೇಕಾದ್ದು ಕೂಡುವುದು. ಇನ್ನೊಂದು: ‘ಬಸು ಹತ್ತಿರ 5 ಗೋಲಿ ಇವೆ. ಅವು ಗೌರಿಯ ಗೋಲಿಗಳಿಗಿಂತ 3 ಕಡಿಮೆ. ಗೌರಿ ಹತ್ತಿರ ಎಷ್ಟಿವೆ?’ ‘ಕಡಿಮೆ’ ಕಂಡ ಮಗು 5 − 3 = 2 ಅಂತ ಬರೆದು ಮುಂದೆ ಹೋಗುತ್ತದೆ. ಗೌರಿ ಹತ್ತಿರ ಇರುವುದು 8.

ಇಂಗ್ಲಿಷ್ ಮೀಡಿಯಮ್ಮಿನಲ್ಲೂ ಇದೇ ಕಥೆ. ‘ಮೋರ್’ ಕಂಡರೆ ಪ್ಲಸ್. ‘ಹೌ ಮೆನಿ ಮೋರ್’ ಅಂತ ಕೇಳಿದರೆ ಮೈನಸ್ ಆಗಬೇಕಾದ ಕಡೆಯೂ ಪ್ಲಸ್ಸೇ.

ಪದ ಹುಡುಕುವ ಅಭ್ಯಾಸ ಬಲಿತರೆ ಕಥೆ ಓದುವ ಅಭ್ಯಾಸ ತಪ್ಪಿಹೋಗುತ್ತದೆ. 1980ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಎರಡು, ಮೂರನೇ ತರಗತಿಯ ಮಟ್ಟದ 97 ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು. ‘ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ ವಯಸ್ಸು ಎಷ್ಟು?’ ಅವರಲ್ಲಿ 76 ಮಕ್ಕಳು ಆ ಅಂಕಿಗಳನ್ನೇ ಹಿಡಿದು ಏನೋ ಲೆಕ್ಕ ಮಾಡಿ ವಯಸ್ಸು ಹೇಳಿಬಿಟ್ಟರು. ಮಕ್ಕಳು ದಡ್ಡರು ಅಂತ ಇದರ ಅರ್ಥವಲ್ಲ. ಪುಸ್ತಕದಲ್ಲಿ ಎರಡು ಅಂಕಿ ಇದ್ದರೆ ಏನಾದರೂ ಮಾಡಲೇಬೇಕು, ಉತ್ತರ ಇದ್ದೇ ಇರುತ್ತದೆ ಅನ್ನುವುದನ್ನು ಅವರು ಅಷ್ಟು ಹೊತ್ತಿಗೆ ಚೆನ್ನಾಗಿ ಕಲಿತಿದ್ದರು. ಆಗಾಗ ಇಂಥ ಒಂದು ತರಲೆ ಲೆಕ್ಕ ಕೊಡುವುದು ಒಳ್ಳೆಯದು. ‘ಇದನ್ನ ಹೇಳೋಕಾಗಲ್ಲ’ ಅಂತ ಹೇಳುವ ಧೈರ್ಯ ಮಗುವಿಗೆ ಬರಬೇಕು.

ಅಂಕಿ ಬಿಟ್ಟು ಮೊದಲು ಕಥೆ

ಹಾಗಾದರೆ ಏನು ಮಾಡಬೇಕು? ಹೆಚ್ಚು ಫಲ ಕೊಡುವ, ಆದರೆ ನಾವು ಅಪರೂಪಕ್ಕೆ ಮಾಡುವ ಕೆಲಸ ಒಂದಿದೆ. ಅಂಕಿಗಳನ್ನು ಬಿಟ್ಟು ಕಥೆ ಹೇಳುವುದು. ಅಂಕಿ ಕಂಡ ಕೂಡಲೇ ಮಗುವಿನ ಕೈ ಲೆಕ್ಕಕ್ಕೆ ಓಡುತ್ತದೆ. ಅಂಕಿಯೇ ಇಲ್ಲದಿದ್ದರೆ ಕಥೆ ಕೇಳದೆ ವಿಧಿಯಿಲ್ಲ.

ಲೆಕ್ಕ ಹೀಗಿದೆ ಅಂದುಕೊಳ್ಳಿ: ‘ಬುಟ್ಟಿಯಲ್ಲಿ ಕೆಲವು ನಿಂಬೆಹಣ್ಣುಗಳಿದ್ದವು. ಅಜ್ಜಿ ಉಪ್ಪಿನಕಾಯಿಗೆ 6 ತೆಗೆದುಕೊಂಡರು. ಈಗ ಬುಟ್ಟಿಯಲ್ಲಿ 9 ಇವೆ. ಮೊದಲು ಎಷ್ಟಿದ್ದವು?’ ಮಾತುಕತೆ ಹೀಗೆ ಸಾಗಬಹುದು.

‘ಬುಟ್ಟಿಯಲ್ಲಿ ಒಂದಷ್ಟು ನಿಂಬೆಹಣ್ಣು ಇತ್ತಂತೆ. ಅಜ್ಜಿ ಉಪ್ಪಿನಕಾಯಿ ಹಾಕೋಕೆ ಸ್ವಲ್ಪ ತಗೊಂಡ್ರಂತೆ. ಈಗ ಬುಟ್ಟೀಲಿ ಮೊದಲಿಗಿಂತ ಜಾಸ್ತಿ ಇರುತ್ತಾ, ಕಮ್ಮಿ ಇರುತ್ತಾ?’

‘ಕಮ್ಮಿ.’

‘ಸರಿ, ಈಗ ಓದು. ಏನೇನು ಹೇಳಿದಾರೆ?’

‘ಅಜ್ಜಿ 6 ತಗೊಂಡ್ರು. ಈಗ 9 ಇದೆ.’

‘ಮೊದಲು ಎಷ್ಟಿತ್ತು ಅಂತ ಹೇಳಿದಾರಾ?’

‘ಇಲ್ಲ. ಅದನ್ನೇ ಕೇಳಿದಾರೆ.’

‘ಅದು 9ಕ್ಕಿಂತ ಜಾಸ್ತಿನೋ, ಕಮ್ಮಿನೋ?’

‘ಜಾಸ್ತಿ. ಅಜ್ಜಿ ತಗೊಂಡಿದ್ದನ್ನ ವಾಪಸ್ ಬುಟ್ಟಿಗೆ ಹಾಕಿದ್ರೆ ಗೊತ್ತಾಗುತ್ತೆ.’

ಇಷ್ಟಾದ ಮೇಲೆ 9 + 6 = 15 ಮಾಡುವುದು ಎಷ್ಟು ಹೊತ್ತಿನ ಕೆಲಸ? ಈ ಮಾತುಕತೆಯಲ್ಲಿ ಅಮ್ಮ ಎಲ್ಲೂ ‘ಕೂಡು’ ಅಂತ ಹೇಳಲಿಲ್ಲ, ‘ಕಳೆ’ ಅಂತಲೂ ಹೇಳಲಿಲ್ಲ. ಜಾಸ್ತಿಯೋ ಕಮ್ಮಿಯೋ ಅನ್ನುವ ಪ್ರಶ್ನೆ ಮಾತ್ರ ಎರಡು ಸಲ ಬಂತು. ಆ ಒಂದು ಪ್ರಶ್ನೆ ಅರ್ಧ ತಪ್ಪುಗಳನ್ನು ಮೊದಲೇ ತಡೆಯುತ್ತದೆ.

ಮಗುವಿನ ಬಾಯಿಂದಲೇ ಕಥೆ ಹೇಳಿಸುವುದು ಇನ್ನೂ ಒಳ್ಳೆಯದು. ಪುಸ್ತಕ ಮುಚ್ಚಿ, ‘ಏನಾಯ್ತು ಹೇಳು’ ಅನ್ನಿ. ಹೇಳಲು ತಡವರಿಸಿದರೆ ಲೆಕ್ಕಕ್ಕೆ ಹೋಗಬೇಡಿ. ಅಲ್ಲೇ ನಿಂತು ಇನ್ನೊಮ್ಮೆ ಓದಿಸಿ. ಓದಲು ಕಷ್ಟಪಡುವ ಮಗುವಾದರೆ ನೀವೇ ಓದಿ ಹೇಳಿ. ಅಕ್ಷರ ಕೂಡಿಸಿ ಓದುವುದರಲ್ಲೇ ಸುಸ್ತಾದ ಮಗುವಿಗೆ ಕಥೆ ಹಿಡಿಯಲು ಶಕ್ತಿ ಉಳಿದಿರುವುದಿಲ್ಲ.

ಬೀಜದಿಂದ ಚಿತ್ರಕ್ಕೆ, ಚಿತ್ರದಿಂದ ಗೆರೆಗೆ

ವಸ್ತು ಇಟ್ಟು ಮಾಡುವುದು ಒಗ್ಗಿದ ಮೇಲೆ ಚಿತ್ರ ಬರೆಯಲು ಹೇಳಿ. ಮೊದಮೊದಲು ಮಕ್ಕಳು ಅಜ್ಜಿಯ ಸೀರೆಗೆ ಬಣ್ಣ ಹಚ್ಚುತ್ತಾ ಕೂರುತ್ತಾರೆ. ಒಂದೆರಡು ದಿನ ಬಿಟ್ಟುಬಿಡಿ. ಆಮೇಲೆ ನಿಂಬೆಹಣ್ಣಿಗೆ ಬರೀ ಸೊನ್ನೆ ಸಾಕು ಅಂತ ತೋರಿಸಿ.

ಸಂಖ್ಯೆ ದೊಡ್ಡದಾದಾಗ ಸೊನ್ನೆಗಳೂ ಸಾಲುವುದಿಲ್ಲ. 45 ಸೊನ್ನೆ ಬರೆಯುವುದರೊಳಗೆ ಕಥೆ ಮರೆತುಹೋಗುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಪಟ್ಟಿ ಚಿತ್ರ, ಅಂದರೆ ಸಂಖ್ಯೆಯನ್ನು ಸ್ಕೇಲಿನ ಹಾಗೆ ಉದ್ದನೆಯ ಚೌಕಟ್ಟಾಗಿ ಬರೆದು ತೋರಿಸುವುದು. 1980ರ ದಶಕದಲ್ಲಿ ಸಿಂಗಪುರದ ಶಾಲೆಗಳಲ್ಲಿ ಇದನ್ನು ಬಳಸಲು ಶುರು ಮಾಡಿದರು. ಮುಂದೆ ಬೇರೆ ದೇಶಗಳಿಗೂ ಹಬ್ಬಿತು. ಮಾಡುವುದು ತುಂಬಾ ಸುಲಭ. ‘ಒಂದು ಮೂಟೆಯಲ್ಲಿ 45 ತೆಂಗಿನಕಾಯಿ ಇವೆ. 18 ಸುಲಿದದ್ದು, ಮಿಕ್ಕವು ಸುಲಿಯದವು. ಸುಲಿಯದವು ಎಷ್ಟು?’ ಒಂದು ಉದ್ದ ಪಟ್ಟಿ ಬರೆದು ಮೇಲೆ 45 ಅಂತ ಹಾಕಿ. ಅದನ್ನು ಎರಡು ತುಂಡು ಮಾಡಿ ಒಂದರಲ್ಲಿ 18, ಇನ್ನೊಂದರಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆಯಿರಿ. ಉದ್ದ ಪಟ್ಟಿ ಗೊತ್ತು, ಒಂದು ತುಂಡು ಗೊತ್ತು, ಇನ್ನೊಂದು ತುಂಡು ಬೇಕು. ಕಳೆಯಬೇಕು ಅಂತ ಚಿತ್ರವೇ ಹೇಳುತ್ತದೆ.

ಹೋಲಿಸುವ ಕಥೆಗೆ ಒಂದರ ಕೆಳಗೆ ಒಂದು ಎರಡು ಪಟ್ಟಿ ಬರೆಯಬೇಕು. ಎಡತುದಿ ಎರಡಕ್ಕೂ ಸಮ ಇರಲಿ. ‘ಬಸುವಿನದು ಗೌರಿಯದಕ್ಕಿಂತ 3 ಕಡಿಮೆ’ ಅಂದಾಗ, ಯಾರ ಪಟ್ಟಿ ಉದ್ದ ಅಂತ ಮಗು ತೀರ್ಮಾನ ಮಾಡಲೇಬೇಕು. ‘ಕಡಿಮೆ’ ಅನ್ನುವ ಪದ ಕಂಡು ಕಳೆಯುವ ಮಗುವನ್ನು ಈ ಒಂದು ತೀರ್ಮಾನವೇ ತಡೆದು ನಿಲ್ಲಿಸುತ್ತದೆ.

ಹೊಸ ಬಗೆಯ ಕಥೆ ಶುರು ಮಾಡುವಾಗ ಸಂಖ್ಯೆ ಚಿಕ್ಕದಿರಲಿ, 10ರ ಒಳಗೆ. ಸಂಖ್ಯೆ ದೊಡ್ಡದು ಮಾಡುವಾಗ ಕಥೆ ಹಳೆಯದೇ ಇರಲಿ. ಎರಡೂ ಒಟ್ಟಿಗೆ ಹೊಸದಾದರೆ ಮಗು ಎಲ್ಲಿ ಎಡವಿತು ಅಂತ ನಮಗೇ ಗೊತ್ತಾಗುವುದಿಲ್ಲ.

ಎರಡಂಕಿಗೆ ಬಂದಾಗ ಕಥೆ ಇನ್ನೊಂದು ಉಪಕಾರ ಮಾಡುತ್ತದೆ. 52 − 38 ಕೊಟ್ಟರೆ ಹಲವು ಮಕ್ಕಳು 26 ಅಂತ ಬರೆಯುತ್ತಾರೆ. 2ರಲ್ಲಿ 8 ಹೋಗಲ್ಲ, ಅದಕ್ಕೇ 8ರಲ್ಲಿ 2 ಕಳೆದುಬಿಡುತ್ತಾರೆ. ಬರೀ ಅಂಕಿಯಲ್ಲಿ ಆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ‘52 ಇಡ್ಲಿ ಮಾಡಿದ್ವಿ, 38 ಖರ್ಚಾಯ್ತು’ ಅಂದರೆ, ಐವತ್ತು ಚಿಲ್ಲರೆಯಲ್ಲಿ ನಲವತ್ತರ ಹತ್ತಿರ ಖಾಲಿಯಾಗಿದೆ, ಹತ್ತು ಹನ್ನೆರಡು ಉಳಿದಿರಬೇಕು, 26 ಎಲ್ಲಿಂದ ಬಂತು ಅಂತ ಕೇಳಬಹುದು. ಆಮೇಲೆ ಒಂದು ಹತ್ತನ್ನು ಬಿಡಿ ಮಾಡಿಕೊಂಡು ಕಳೆಯುವುದನ್ನು ಕಡ್ಡಿ ಕಟ್ಟು ಬಿಚ್ಚಿ ತೋರಿಸಿದರಾಯಿತು.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಕಥೆ ಬಂದರೆ ಲೆಕ್ಕ ಯಾವಾಗಲೂ ಕಷ್ಟವೇ ಆಗಬೇಕು ಅಂತೇನಿಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ಬದಿ ವ್ಯಾಪಾರ ಮಾಡುವ 9ರಿಂದ 15 ವರ್ಷದ ಐದು ಮಕ್ಕಳನ್ನು ಸಂಶೋಧಕರು ಪರೀಕ್ಷಿಸಿದ್ದರು. ಅದು 1985ರಲ್ಲಿ ಪ್ರಕಟವಾಯಿತು. ಗಿರಾಕಿಗಳ ಹಾಗೆ ಹೋಗಿ ಲೆಕ್ಕ ಕೇಳಿದಾಗ ಶೇಕಡಾ 98 ಉತ್ತರಗಳು ಸರಿ. ಅಂಥದೇ ಸಂಖ್ಯೆಗಳನ್ನು ಆಮೇಲೆ ಕಾಗದದ ಮೇಲೆ ಬರೀ ಅಂಕಿಗಳಾಗಿ ಕೊಟ್ಟಾಗ ಶೇಕಡಾ 37. ಹೇಳಿಕೆ ಲೆಕ್ಕವಾಗಿ ಕೊಟ್ಟಾಗ ಶೇಕಡಾ 74. ಅಂದರೆ ಆ ಮಕ್ಕಳಿಗೆ ಬರೀ ಅಂಕಿಗಿಂತ ಕಥೆಯೇ ಸುಲಭವಾಗಿತ್ತು.

ನಮ್ಮ ದೇಶದಲ್ಲೂ ಹಾಗೇ ಇದೆ. ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ದೆಹಲಿ, ಕೋಲ್ಕತ್ತದ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ವ್ಯಾಪಾರದಲ್ಲಿ ಕಷ್ಟದ ಲೆಕ್ಕವನ್ನೂ ಬಾಯಲ್ಲೇ ಮಾಡುವ ಮಕ್ಕಳು ಪುಸ್ತಕದ ಸರಳ ಲೆಕ್ಕದಲ್ಲಿ ಸೋತರು. ಇತ್ತ, ಪುಸ್ತಕದ ಲೆಕ್ಕ ಮಾಡುವ ಶಾಲಾ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಹಿಂದೆ ಬಿದ್ದರು. ಒಂದು ಕಡೆ ಕಲಿತದ್ದು ತಾನಾಗಿ ಇನ್ನೊಂದು ಕಡೆಗೆ ದಾಟುವುದಿಲ್ಲ.

ಆ ಸೇತುವೆಯನ್ನು ಯಾರಾದರೂ ಕಟ್ಟಬೇಕು. ಹಾಲಿನ ಪ್ಯಾಕೆಟ್ ತಂದು ಚಿಲ್ಲರೆ ಎಣಿಸಿದ ಮಗುವಿಗೆ ‘ಈಗ ನೀನು ಮಾಡಿದ್ದನ್ನ ಬರಿ ನೋಡೋಣ’ ಅಂತ ಸ್ಲೇಟು ಕೊಡಬಹುದು. ಸ್ಲೇಟಿನ ಮೇಲಿರುವ ಲೆಕ್ಕ ನೋಡಿ ‘ಇದನ್ನ ಅಂಗಡಿ ಕಥೆ ಮಾಡು’ ಅಂತಲೂ ಹೇಳಬಹುದು.

ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದುವ, ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೂ ಇಂಥದೇ ಸೇತುವೆ ಬೇಕು. ಇಂಗ್ಲಿಷಿನಲ್ಲಿ ತಪ್ಪು ಮಾಡಿದ ಲೆಕ್ಕವನ್ನೇ ಕನ್ನಡದಲ್ಲಿ ಹೇಳಿ ನೋಡಿ. ಥಟ್ಟನೆ ಉತ್ತರ ಬಂದರೆ ಲೆಕ್ಕದ ತೊಂದರೆ ಇಲ್ಲ, ಭಾಷೆಯ ತೊಂದರೆ ಅಂತ ಗೊತ್ತಾಗುತ್ತದೆ. ಕನ್ನಡದಲ್ಲೂ ಬರದಿದ್ದರೆ ಕಥೆಯೇ ಹಿಡಿದಿಲ್ಲ. ಎರಡಕ್ಕೂ ಔಷಧಿ ಬೇರೆ ಬೇರೆ.

ತಪ್ಪು ಉತ್ತರ ಏನು ಹೇಳುತ್ತದೆ

‘ಶಾಲೆಯ ಕೈತೋಟದಲ್ಲಿ 13 ಬದನೆ ಗಿಡ ಇದ್ದವು. 5 ಒಣಗಿಹೋದವು. ಎಷ್ಟು ಉಳಿದವು?’ ನಾಲ್ಕು ಮಕ್ಕಳು ನಾಲ್ಕು ತಪ್ಪು ಉತ್ತರ ಕೊಟ್ಟರೆ, ನಾಲ್ವರಿಗೂ ಒಂದೇ ರೀತಿ ತಿದ್ದುವುದು ಸುಮ್ನೆ ಶ್ರಮ.

18 ಅಂದ ಮಗು ಕಥೆ ಓದಿಲ್ಲ, ಅಂಕಿ ಓದಿದೆ. ಅದಕ್ಕೆ ಕಳೆಯುವುದನ್ನು ಮತ್ತೆ ಹೇಳಿಕೊಡುವ ಅಗತ್ಯವಿಲ್ಲ. ಗಿಡ ಒಣಗಿದ ಮೇಲೆ ತೋಟದಲ್ಲಿ ಜಾಸ್ತಿ ಆಯ್ತಾ ಅಂತ ಕೇಳಿದರೆ ಸಾಕು. 9 ಅಂದ ಮಗುವಿಗೆ ಕಥೆ ಪೂರ್ತಿ ಅರ್ಥವಾಗಿದೆ. ‘ಹದಿಮೂರು, ಹನ್ನೆರಡು, ಹನ್ನೊಂದು, ಹತ್ತು, ಒಂಬತ್ತು’ ಅಂತ ಹಿಂದಕ್ಕೆ ಎಣಿಸುವಾಗ 13ನ್ನೂ ಸೇರಿಸಿಕೊಂಡಿದೆ. ಈ ಮಗುವನ್ನು 18 ಅಂದ ಮಗುವಿನ ಜೊತೆ ಸೇರಿಸಿ ‘ಗಮನ ಇಟ್ಟು ಓದು’ ಅಂದರೆ ಅನ್ಯಾಯ. 5 ಅಂದ ಮಗು ಬಹುಶಃ ಪ್ರಶ್ನೆ ಹಿಡಿದಿಲ್ಲ. ಕೊನೆಗೆ ಕೇಳಿಸಿಕೊಂಡ ಅಂಕಿಯನ್ನೇ ವಾಪಸ್ ಹೇಳಿದೆ. ಅದಕ್ಕೆ ಬೀಜ ಇಟ್ಟು ನಿಧಾನವಾಗಿ ಮಾಡಿಸಬೇಕು. 7 ಅಂದ ಮಗು ಎಣಿಸುವಾಗ ಎಲ್ಲೋ ಒಂದು ತಪ್ಪಿಸಿದೆ, ಅಷ್ಟೇ.

ಉತ್ತರ ನೋಡಿದರೆ ಇಷ್ಟು ಊಹೆ ಮಾಡಬಹುದು. ಖಚಿತ ಆಗುವುದು ‘ಹೇಗೆ ಮಾಡಿದೆ, ಹೇಳು’ ಅಂತ ಕೇಳಿದಾಗಲೇ. ಇದನ್ನು ಉತ್ತರ ಸರಿ ಬಂದಾಗಲೂ ಕೇಳುತ್ತಿರಬೇಕು. ತಪ್ಪಾದಾಗ ಮಾತ್ರ ಕೇಳಿದರೆ, ಕೇಳಿದ ಕೂಡಲೇ ಮಗು ರಬ್ಬರ್ ಹುಡುಕುತ್ತದೆ.

ಮಗುವೇ ಲೆಕ್ಕ ಕಟ್ಟಲಿ

ಕಡೆಗೆ, ಪ್ರಶ್ನೆ ಕೇಳುವ ಕೆಲಸವನ್ನೂ ಮಗುವಿಗೆ ಬಿಟ್ಟುಕೊಡಿ. ‘8, 5, 3 ಈ ಮೂರೂ ಬರೋ ಹಾಗೆ ಒಂದು ಲೆಕ್ಕ ಮಾಡು’ ಅನ್ನಿ. ಮೊದಲ ಸಲ ಹೀಗೆ ಬರುತ್ತದೆ: ‘ನನ್ನ ಹತ್ರ 8 ಚಾಕ್ಲೇಟ್ ಇತ್ತು. 5 ಅಕ್ಕಂಗೆ ಕೊಟ್ಟೆ. 3 ಉಳೀತು.’ ಪ್ರಶ್ನೆಯೇ ಇಲ್ಲ, ಉತ್ತರವನ್ನೂ ಹೇಳಿಯಾಯಿತು. ನಗಬೇಡಿ, ತಿದ್ದಲೂ ಬೇಡಿ. ಮೂರು ವಾಕ್ಯವನ್ನೂ ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಡಿ, ಒಂದು ಚಿಕ್ಕ ಚೀಟಿ ಕೊಡಿ. ‘ಒಂದು ಅಂಕಿ ಮುಚ್ಚಿ ನನ್ನನ್ನ ಕೇಳು’ ಅನ್ನಿ.

3ನ್ನು ಮುಚ್ಚಿದರೆ ಎಷ್ಟು ಉಳಿಯಿತು ಅನ್ನುವ ಸುಲಭದ ಲೆಕ್ಕ. 5ನ್ನು ಮುಚ್ಚಿದರೆ ಅಕ್ಕನಿಗೆ ಎಷ್ಟು ಕೊಟ್ಟೆ ಅನ್ನುವುದು. 8ನ್ನು ಮುಚ್ಚಿದರೆ, ದೊಡ್ಡವರಿಗೂ ಒಂದು ಕ್ಷಣ ಯೋಚನೆಗೆ ಹಚ್ಚುವ ಲೆಕ್ಕ. ಕಥೆ ಮಗುವಿನದೇ ಆದ್ದರಿಂದ ಚೀಟಿಯ ಕೆಳಗೆ ಏನಿದೆ ಅಂತ ಅದಕ್ಕೆ ಮೊದಲೇ ಗೊತ್ತು. ನೀವು ಬೇಕಂತಲೇ ‘5 ಕೊಟ್ಟೆ, 3 ಉಳೀತು, ಹಾಗಾದ್ರೆ 2’ ಅಂತ ತಪ್ಪು ಹೇಳಿ. ಯಾಕೆ ತಪ್ಪು ಅಂತ ಅದೇ ನಿಮಗೆ ಹೇಳಿಕೊಡುತ್ತದೆ.